ಕಾರ್ಡ್ ಇಲ್ಲದವರ ಚಿಕಿತ್ಸೆಗೆ ನೆರೆಹೊರೆಯ ಪಂಚಾಯಿತಿಗಳು ಒಟ್ಟಾಗುವುದು ಹೇಗೆ?

ಸಕಲೇಶಪುರ ಮತ್ತು ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದುಡಿಯುವ ಕುಟುಂಬವೊಂದು ಹಣ್ಣು ಕುಯ್ಲಿನ ಕಾಲಕ್ಕೆ ಒಂದು ಪಂಚಾಯಿತಿಯ ಲೈನ್ ಮನೆಯಲ್ಲಿದ್ದರೆ (ತೋಟದ ಕೂಲಿಕಾರರ ಸಾಲುಮನೆ), ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಹೊತ್ತಿಗೆ ಹೊಳೆಯಾಚೆಯ ಇನ್ನೊಂದು ಪಂಚಾಯಿತಿಗೆ ಹೋಗಿರುತ್ತದೆ. ಜ್ವರ ಬಂದಾಗ ಮಾತ್ರ ಎರಡೂ ಕಡೆಯಿಂದ ಅವರು ಬರುವುದು ಬಹುಪಾಲು ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಗುಡ್ಡಗಾಡು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಕೇಂದ್ರವೆಂಬ ಮಾನದಂಡ ಇರುವುದರಿಂದ, ಒಂದೇ ಕೇಂದ್ರದ ವ್ಯಾಪ್ತಿಗೆ ಹಲವು ಗ್ರಾಮ ಪಂಚಾಯಿತಿಗಳು ಸೇರುವುದು ಸಹಜ. ಆದ್ದರಿಂದ ಬಡವರ ಚಿಕಿತ್ಸೆಯ ವಿಷಯದಲ್ಲಿ ಪಂಚಾಯಿತಿಗಳು ತಮ್ಮ ಗಡಿಯನ್ನು ಬದಿಗಿಟ್ಟು, ಆ ಕೇಂದ್ರದ ವ್ಯಾಪ್ತಿಯನ್ನೇ ಕೆಲಸದ ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದೇ ಕೇಂದ್ರಕ್ಕೆ ಸೇರಿದ ಪಂಚಾಯಿತಿಗಳ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ) ಮತ್ತು ಕೇಂದ್ರದ ವೈದ್ಯಾಧಿಕಾರಿ ಒಂದೆಡೆ ಕೂರಬೇಕು. ಸಂವಿಧಾನದ 11ನೇ ಅನುಸೂಚಿಯ 23ನೇ ವಿಷಯವೇ ಆರೋಗ್ಯ ಮತ್ತು ನೈರ್ಮಲ್ಯವಾಗಿದ್ದು, ಅದರಲ್ಲಿ ಆಸ್ಪತ್ರೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸೇರಿರುವುದರಿಂದ, ಇದು ನಮ್ಮ ಕೆಲಸವಲ್ಲ ಎಂದು ಯಾವ ಪಂಚಾಯಿತಿಯೂ ಹೇಳುವಂತಿಲ್ಲ. ಸಭೆಯ ಮಾತು ಮಾತಾಗಿಯೇ ಉಳಿಯದಂತೆ, ಒಂದೇ ಒಕ್ಕಣೆಯ ನಿರ್ಣಯವನ್ನು ಪ್ರತಿ ಪಂಚಾಯಿತಿಯೂ ತನ್ನ ಸಾಮಾನ್ಯ ಸಭೆಯಲ್ಲಿ ಅಂಗೀಕರಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೂ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೂ ಕಳುಹಿಸಬೇಕು.

ಆಮೇಲಿನ ಕೆಲಸ ಪಟ್ಟಿ ಮಾಡುವುದು. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾಗಿರುವುದು ಇಲ್ಲಿಯೇ. ಹಗಲು ಹೋದರೆ ಲೈನ್‌ಗಳಲ್ಲಿ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಸಂಜೆ ಕೆಲಸ ಬಿಟ್ಟು ಒಲೆ ಹಚ್ಚುವ ಹೊತ್ತಿಗೆ ಹೋಗಬೇಕು. ಇಬ್ಬರು ಆಶಾ ಕಾರ್ಯಕರ್ತೆಯರ ಜೊತೆ ನಾನು ಹಾಗೆ ಹೋಗಿದ್ದಾಗ, ಒಬ್ಬ ಅಜ್ಜಿ ಅಕ್ಕಿ ಡಬ್ಬದೊಳಗಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಅಕ್ಕಿ ಕಾಳು ಕೊಡವಿ, ರೇಷನ್ ಕಾರ್ಡನ್ನು ನಮ್ಮ ಕೈಗಿಟ್ಟರು. ಕಾರ್ಡ್ ಸರಿಯಾಗಿಯೇ ಇತ್ತು. ಆದರೆ ತುಂಬು ಗರ್ಭಿಣಿಯಾಗಿದ್ದ ಸೊಸೆಯ ಹೆಸರು ಅದರಲ್ಲಿ ಇರಲಿಲ್ಲ. ಮನೆಗೊಂದು ಸಾಲು ಬರೆದಿದ್ದರೆ ನಾವು ಆ ಮನೆಯನ್ನು ‘ಕಾರ್ಡ್ ಇದೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಿದ್ದೆವು. ಅಂದಿನಿಂದ ಪಟ್ಟಿಯನ್ನು ಮನೆವಾರು ಮಾಡಬೇಡಿ, ತಲೆವಾರು ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ಹೆಸರು, ವಯಸ್ಸು, ತೋಟ, ಈಗಿರುವ ಕಾರ್ಡ್, ದಿನವೂ ನುಂಗುತ್ತಿರುವ ಮಾತ್ರೆ, ಇಷ್ಟು ಕಾಲಂ ಸಾಕು.

ಪಟ್ಟಿ ಸಿದ್ಧವಾದ ಮೇಲೆ, ವಿಮೆ ಇಲ್ಲವೆಂದುಕೊಂಡಿದ್ದ ಹಲವರಿಗೆ ದಾರಿ ಇರುವುದು ಕಾಣುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ನಿಜವಾಗಿಯೂ ಬಡವರಾಗಿದ್ದು ಎರಡನೆಯ ಗುಂಪಿಗೆ ಬಿದ್ದವರ ರೇಷನ್ ಕಾರ್ಡ್ ಅರ್ಜಿ ಮತ್ತು ಹೆಸರು ಸೇರ್ಪಡೆಯನ್ನೇ ಪಂಚಾಯಿತಿಗಳು ಮೊದಲು ಕೈಗೆತ್ತಿಕೊಳ್ಳಬೇಕು. ಅಸ್ಸಾಮಿನಿಂದ ಕುಯ್ಲಿಗೆ ಬಂದವರ ಬಳಿ ತಮ್ಮ ಊರಿನಲ್ಲೇ ಮಾಡಿಸಿದ ಆಯುಷ್ಮಾನ್ ಕಾರ್ಡ್ ಇರಬಹುದು. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಅದು ಇಲ್ಲಿಯೂ ನಡೆಯುತ್ತದೆ. ಹಾಲಿನ ಡೈರಿ ಅಥವಾ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದರೆ ಸಹಕಾರ ಸಂಘಗಳ ಸದಸ್ಯರ ಆರೋಗ್ಯ ಯೋಜನೆಯಾದ ಯಶಸ್ವಿನಿ ಇದೆ. ಅದರ ನೋಂದಣಿಗೆ ಕೊನೆಯ ದಿನಾಂಕ ಇರುವುದರಿಂದ ಸಂಘದ ಕಾರ್ಯದರ್ಶಿಯನ್ನೂ ಸಭೆಗೆ ಕರೆಯಿರಿ.

ಇಷ್ಟಾದರೂ ಯಾವ ಯೋಜನೆಗೂ ಸೇರದವರು ಉಳಿಯುತ್ತಾರೆ. ಪಂಚಾಯಿತಿಗಳು ಹಣ ಖರ್ಚು ಮಾಡಬೇಕಾದದ್ದು ಅವರಿಗಾಗಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತನಿಧಿ, ಅಂದರೆ ಸ್ಥಳೀಯ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ ಇದೆ. ಕೇಂದ್ರದಲ್ಲಿ ಆರೋಗ್ಯ ರಕ್ಷಾ ಸಮಿತಿಯ ಹಣವಿದೆ. ಪಂಚಾಯಿತಿಗೆ ತನ್ನದೇ ತೆರಿಗೆಯ ವರಮಾನವಿದೆ. ಎಲ್ಲರ ಹಣವನ್ನು ಒಂದೇ ಖಾತೆಗೆ ಸುರಿಯುವುದಕ್ಕಿಂತ ಹೊಣೆಯನ್ನು ಹಂಚಿಕೊಳ್ಳುವುದು ಲೇಸು: ಒಂದು ಪಂಚಾಯಿತಿ ರೋಗಿಗಳ ವಾಹನದ ಬಾಡಿಗೆ, ಇನ್ನೊಂದು ಸಂಜೆಯ ತಪಾಸಣಾ ಶಿಬಿರ, ಮತ್ತೊಂದು ಅರ್ಜಿಗಳ ಕೆಲಸ ವಹಿಸಿಕೊಂಡರೆ, ಪ್ರತಿಯೊಂದರ ಬಿಲ್ಲೂ ಅದರದೇ ಲೆಕ್ಕದಲ್ಲಿರುತ್ತದೆ, ಲೆಕ್ಕಪರಿಶೋಧನೆಯಲ್ಲಿ ತಕರಾರು ಏಳುವುದಿಲ್ಲ. ಆದರೆ ಖರ್ಚು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಮೊದಲೇ ಸೇರಿರಬೇಕು. ಆದ್ದರಿಂದ ಯೋಜನೆ ತಯಾರಿಸುವ ಗ್ರಾಮಸಭೆಯಲ್ಲೇ ಇದನ್ನು ಮಂಡಿಸಿ.

ವಾಹನದ ಬಾಡಿಗೆಯನ್ನು ಸಣ್ಣ ಖರ್ಚೆಂದು ಕಡೆಗಣಿಸಬಾರದು. ತುರ್ತು ಸಂದರ್ಭಕ್ಕೆ 108 ಇದೆ. ಆದರೆ ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆ ತೋರಿಸಲು ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಬೇಕಾದವರು ಒಂದು ದಿನದ ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಳ್ಳಬೇಕಾಗುವುದರಿಂದ ಹೋಗದೆಯೇ ಉಳಿಯುತ್ತಾರೆ. ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಎಲ್ಲ ಪಂಚಾಯಿತಿಗಳ ರೋಗಿಗಳನ್ನೂ ಒಂದೇ ವಾಹನದಲ್ಲಿ ಕಳುಹಿಸಿ. ಹೊರಡುವ ಮುನ್ನ ಪ್ರತಿಯೊಬ್ಬರ ಕೈಯಲ್ಲಿ ರೆಫರಲ್ ಚೀಟಿ, ಆಧಾರ್ ಮತ್ತು ಹಳೆಯ ವರದಿಗಳು ಇವೆಯೇ ಎಂದು ಒಬ್ಬರು ನೋಡಲೇಬೇಕು. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆಯ ನೆರವು ಸಿಗುವುದಿಲ್ಲ.

ತಿಂಗಳಿಗೊಮ್ಮೆ ಪಿಡಿಒಗಳು ಮತ್ತು ಆಶಾ ಕಾರ್ಯಕರ್ತೆಯರು ಆರೋಗ್ಯ ಕೇಂದ್ರದಲ್ಲಿ ಸೇರಿ ಪಟ್ಟಿಯನ್ನು ತಿದ್ದಬೇಕು. ಕುಟುಂಬವೊಂದು ತೋಟ ಬಿಟ್ಟು ಹೊರಟಿತೆಂದು ತಿಳಿದ ದಿನವೇ ಆ ಪುಟದ ಪ್ರತಿಯನ್ನು ಹೊಸ ಊರಿನ ಆಶಾ ಕಾರ್ಯಕರ್ತೆಗೆ ತಲುಪಿಸಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ದಿನಕ್ಕಾಗುವಷ್ಟು ಉಳಿದಿದೆ ಎಂಬುದನ್ನೂ ಅದರ ಮೇಲೆ ಬರೆದಿರಬೇಕು.