ಶೀಟ್ ಹತ್ತುವ ಮುಂಚೆ ನೆಲದ ಮೇಲೇ ಕಲಿಸಬೇಕಾದ್ದು

ತುಮಕೂರಿನ ವಸಂತನರಸಾಪುರದ ಕಡೆ ಫ್ಯಾಕ್ಟರಿ ಶೆಡ್‌ಗಳಿಗೆ ಶೀಟ್ ಹೊದಿಸುವ ಗುಂಪಿನ ಮೇಸ್ತ್ರಿ ನಾನು. ಹೊಸ ಹುಡುಗರು ಬಂದರೆ ಮೊದಲ ದಿನ ಯಾರನ್ನೂ ಮೇಲಕ್ಕೆ ಬಿಡೋದಿಲ್ಲ. ಬೆಲ್ಟ್ ಹಾಕಿಕೊಂಡರೆ ಸಾಕು ಅನ್ನೋ ನಂಬಿಕೆ ನಮ್ಮ ಕಡೆ ಬಹಳ ಜನಕ್ಕಿದೆ. ಹುಕ್ ಎಲ್ಲಿಗೆ ಹಾಕ್ತೀಯ, ಬಿದ್ದು ನೇತಾಡಿದರೆ ನಿನ್ನನ್ನ ಯಾರು ಇಳಿಸ್ತಾರೆ, ಈ ಎರಡಕ್ಕೂ ಉತ್ತರ ಹೇಳಿದವನೇ ಏಣಿ ಮುಟ್ಟಬೇಕು.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡವೇ ಬೇಡ. ಬಿದ್ದಾಗ ಏಟೆಲ್ಲ ಹೊಟ್ಟೆಗೂ ಬೆನ್ನುಮೂಳೆಗೂ ಬೀಳುತ್ತೆ. ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ಕೊಡಿ, ಹಾರ್ನೆಸ್‌ಗೆ ಇರುವ ಭಾರತೀಯ ಮಾನಕ ಐಎಸ್ 3521ರ ಗುರುತು ನೋಡಿ ಕೊಳ್ಳಿ. ಪಟ್ಟಿಯನ್ನು ಬೆರಳ ಮಧ್ಯೆ ಬಗ್ಗಿಸಿ ಇಂಚಿಂಚೂ ಸವರಿ ನೋಡಲು ಕಲಿಸಿ. ವೆಲ್ಡಿಂಗ್ ಕಿಡಿ ಸುಟ್ಟ ತೂತು, ಹೊಲಿಗೆ ಬಿಟ್ಟ ಜಾಗ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತೆ. ಒಂದು ಸಲ ಬಿದ್ದವನನ್ನು ತಡೆದ ಹಗ್ಗ, ಹಾರ್ನೆಸ್ ಎರಡನ್ನೂ ಅಲ್ಲೇ ಕತ್ತರಿಸಿ ಹಾಕಿ.

ಆಮೇಲೆ, ಬಿದ್ದರೆ ಎಷ್ಟು ಕೆಳಕ್ಕೆ ಹೋಗ್ತೀವಿ ಅನ್ನೋ ಲೆಕ್ಕ. ನೆಲದ ಮೇಲೆ ಟೇಪ್ ಹಾಸಿ ತೋರಿಸಿ: ಹಗ್ಗ 1.8 ಮೀಟರ್, ಏಟು ತಡೆಯುವ ಅಬ್ಸಾರ್ಬರ್ ಬಿಚ್ಚಿಕೊಂಡರೆ ಹೆಚ್ಚೂಕಮ್ಮಿ 1.75, ಬೆನ್ನಿನ ರಿಂಗಿನಿಂದ ಪಾದದವರೆಗೆ 1.5, ಸುರಕ್ಷತೆಗೆ ಹೆಚ್ಚುವರಿ 1 ಮೀಟರ್. ಹುಕ್ ಹಾಕಿದ ಜಾಗದಿಂದ ಕೆಳಕ್ಕೆ ಸುಮಾರು 6 ಮೀಟರ್ ಖಾಲಿ ಇರಬೇಕು. ನಾಲ್ಕೂವರೆ ಮೀಟರ್ ಎತ್ತರದ ಶೆಡ್‌ನಲ್ಲಿ ಈ ಹಗ್ಗ ತಡೆಯೋಕೆ ಮುಂಚೆ ಮನುಷ್ಯ ನೆಲಕ್ಕೆ ಬಡಿದಿರ್ತಾನೆ. ಅಲ್ಲಿ ಹಗ್ಗವನ್ನು ತಾನೇ ಸುತ್ತಿಕೊಂಡು, ಬಿದ್ದ ಕೂಡಲೇ ಹಿಡಿದು ನಿಲ್ಲಿಸುವ ಬ್ಲಾಕ್ ಬೇಕು. ಹುಕ್ ಯಾವಾಗಲೂ ತಲೆಗಿಂತ ಮೇಲೆ, ಎಂಜಿನಿಯರ್ ಒಪ್ಪಿದ ಲೈಫ್‌ಲೈನ್‌ಗೇ, ಅಂದರೆ ಹುಕ್ ಹಾಕೋಕೆಂದೇ ಬಿಗಿದು ಕಟ್ಟಿದ ಹಗ್ಗ ಅಥವಾ ತಂತಿಗೇ, ಹಾಕಬೇಕು. ಮಳೆನೀರಿನ ಪೈಪು, ಕೇಬಲ್ ಟ್ರೇ ಇವು ನಿಮ್ಮ ಭಾರಕ್ಕೆ ಮಾಡಿದ್ದಲ್ಲ. ಎರಡು ಹುಕ್ಕಿನ ಹಗ್ಗದಲ್ಲಿ ಒಂದನ್ನು ಮುಂದೆ ಹಾಕಿದ ಮೇಲೇ ಹಿಂದಿನದನ್ನು ತೆಗೀಬೇಕು. ಇದನ್ನು ಮೊಣಕಾಲೆತ್ತರಕ್ಕೆ ಕಟ್ಟಿದ ತಂತಿಯ ಮೇಲೆ ಕೈ ತಾನೇ ಮಾಡೋವರೆಗೂ ಅಭ್ಯಾಸ ಮಾಡಿಸಿ.

ನನಗೆ ಎಲ್ಲಕ್ಕಿಂತ ಭಯ ಹಳೇ ಶೆಡ್‌ಗಳ ರಿಪೇರಿ. ಸಿಮೆಂಟ್ ಶೀಟು ನೋಡಲು ಗಟ್ಟಿ, ಕಾಲಿಟ್ಟರೆ ಹಪ್ಪಳ. ಬೆಳಕಿಗೆ ಹಾಕಿದ ಫೈಬರ್ ಶೀಟ್ ಇನ್ನೂ ಮೋಸ. ಧೂಳು, ಪಾಚಿ ಕೂತು ಅಕ್ಕಪಕ್ಕದ ಶೀಟಿನ ಬಣ್ಣಕ್ಕೇ ತಿರುಗಿರುತ್ತೆ, ಮೇಲೆ ನಿಂತವನಿಗೆ ವ್ಯತ್ಯಾಸವೇ ಕಾಣೋದಿಲ್ಲ. ಹತ್ತುವ ಮೊದಲು ಶೆಡ್ ಒಳಗೆ ನಿಂತು ತಲೆಯೆತ್ತಿ ನೋಡಿ. ಎಲ್ಲಿ ಬೆಳಕು ಬರ್ತಿದೆಯೋ ಆ ಸಾಲು ಎಣಿಸಿ, ಕಾಗದದ ಮೇಲೆ ಗುರುತು ಹಾಕಿ, ಆ ಕಾಗದವನ್ನು ಎಲ್ಲರ ಕೈಗೂ ಕೊಡಿ. ಮೇಲೆ ಹೋದಾಗ ಶೀಟಿನ ಮೇಲೆ ನೇರವಾಗಿ ಕಾಲಿಡದೆ, ಕೆಳಗೆ ಶೀಟ್ ಹೊತ್ತಿರುವ ಅಡ್ಡ ಪಟ್ಟಿಗಳು, ಅಂದರೆ ಪರ್ಲಿನ್‌ಗಳು, ಎರಡರ ಮೇಲೂ ಕೂರುವ ಹಾಗೆ ಉದ್ದ ಹಲಗೆ ಹಾಸಿ ಅದರ ಮೇಲೇ ಓಡಾಡಬೇಕು. ಬೋಲ್ಟ್ ಸಾಲಿನ ಮೇಲೆ ನಡೆದರೆ ಆಯ್ತು ಅಂತ ಹಳಬರು ಹೇಳಿಕೊಡ್ತಾರೆ; ಒಂದು ಹೆಜ್ಜೆ ಜಾರಿದರೆ ಆ ಬುದ್ಧಿ ಉಳಿಸೋದಿಲ್ಲ. ಕೆಳಗೆ ಬಲೆ ಕಟ್ಟಿಸಿ ಅಂತ ಕೇಳೋದಕ್ಕೆ ಸಂಕೋಚ ಬೇಡ.

ಏಣಿಯ ಬುಡ ನಾಲ್ಕು ಅಡಿ ಎತ್ತರಕ್ಕೆ ಗೋಡೆಯಿಂದ ಒಂದಡಿ ದೂರ, ತುದಿ ಸೂರಿಗಿಂತ ಮೂರಡಿ ಮೇಲೆ, ಮೇಲ್ಗಡೆ ಕಟ್ಟಿರಬೇಕು. ಆಷಾಢದ ಗಾಳಿಗೆ ಶೀಟ್ ಎತ್ತಬೇಡಿ, ಹಾಯಿ ಥರ ಎತ್ತಿಕೊಂಡು ಹೋಗುತ್ತೆ. ಬೆಳಿಗ್ಗೆ ಇಬ್ಬನಿ ಆರೋವರೆಗೂ ಕಾಯಿರಿ.

ಕೊನೆಗೆ ಒಬ್ಬೊಬ್ಬರನ್ನೂ ಹಾರ್ನೆಸ್ ಹಾಕಿಸಿ ನೆಲದಿಂದ ಒಂದಡಿ ಮೇಲೆ ಒಂದು ನಿಮಿಷ ತೂಗುಹಾಕಿ. ತೊಡೆ ಪಟ್ಟಿ ಎಷ್ಟು ಬಿಗಿಯುತ್ತೆ, ಕಾಲು ಹೇಗೆ ಜೋಮು ಹಿಡಿಯುತ್ತೆ ಅಂತ ಅವರಿಗೇ ಗೊತ್ತಾಗಲಿ. ಅಲ್ಲಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು, ಅದಕ್ಕೇ ಕಾಲು ಆಡಿಸ್ತಾ ಇರಬೇಕು. 108ಕ್ಕೆ ಫೋನ್ ಮಾಡಿ ಕಾಯ್ತಾ ಕೂರೋ ಹೊತ್ತಲ್ಲ ಅದು. ಇಳಿಸುವ ಹಗ್ಗ, ರಾಟೆ ಯಾವ ಮೂಲೆಯಲ್ಲಿದೆ, ಯಾರು ಹಿಡೀತಾರೆ ಅಂತ ಹೆಸರು ಹೇಳಿ ಬೆಳಿಗ್ಗೆಯೇ ನಿಗದಿ ಮಾಡಿ, ಮರಳು ಚೀಲ ಕಟ್ಟಿ ಇಳಿಸಿ ನೋಡಿ.

ಕಂಟ್ರಾಕ್ಟರ್ ಅಣ್ಣಂದಿರಿಗೆ ಒಂದು ಮಾತು: ಈ ಕಲಿಕೆಯ ದಿನದ ಕೂಲಿ ಪೂರ್ತಿ ಕೊಡಿ. ಅರ್ಧ ಕೂಲಿ ಅಂದರೆ ಹುಡುಗರು ಮಧ್ಯಾಹ್ನಕ್ಕೇ ಎಲ್ಲಾ ಗೊತ್ತಾಯ್ತು ಅಂತ ತಲೆಯಾಡಿಸಿ ಏಣಿ ಹತ್ತಿಬಿಡ್ತಾರೆ.