ಗೋಡೆ ಕೆಡದಂತೆ ಟಿವಿ ತೂಗುಹಾಕುವುದು ಹೇಗೆ?

ಡೊಂಬಿವಲಿಯಲ್ಲಿ ನಾವು ಬಿಟ್ಟುಬಂದ ಬಾಡಿಗೆ ಮನೆಯ ಹಜಾರದ ಗೋಡೆಯಲ್ಲಿ ಒಟ್ಟು ಒಂಬತ್ತು ತೂತುಗಳಿದ್ದವು. ಟಿವಿಯ ಭಾರ ಹೊತ್ತದ್ದು ಅವುಗಳಲ್ಲಿ ನಾಲ್ಕು ಮಾತ್ರ. ಉಳಿದ ಐದನ್ನು ಟಿವಿ ಜೋಡಿಸಲು ಬಂದ ಹುಡುಗ, ಸ್ಕ್ರೂ ಸಡಿಲವಾಯಿತೆಂದು ಎರಡು ಅಂಗುಲ ಪಕ್ಕಕ್ಕೆ, ಅಲ್ಲಿಯೂ ನಿಲ್ಲಲಿಲ್ಲವೆಂದು ಒಂದು ಅಂಗುಲ ಮೇಲಕ್ಕೆ ಸರಿಯುತ್ತ ಕೊರೆದಿದ್ದ. ಕೊನೆಯದರಲ್ಲಿ ಬೆಂಕಿಕಡ್ಡಿಗಳನ್ನು ತುರುಕಿ ಸ್ಕ್ರೂ ಬಿಗಿದಿದ್ದ. ಮನೆ ಖಾಲಿ ಮಾಡುವ ದಿನ ಮಾಲೀಕರು ತೂತುಗಳನ್ನು ಬೆರಳಿಟ್ಟು ಎಣಿಸಿ, ಇಡೀ ಗೋಡೆಗೆ ಬಣ್ಣ ಹೊಡೆಸುವ ಖರ್ಚನ್ನು ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ಹನ್ನೊಂದು ತಿಂಗಳ ಕರಾರಿನ ಮೇಲೆ ಮನೆಯಿಂದ ಮನೆಗೆ ಸಾಗುವ ಮುಂಬೈ-ಪುಣೆಯ ಕನ್ನಡಿಗರಲ್ಲಿ ಅನೇಕರಿಗೆ ಇಂಥದೊಂದು ಲೆಕ್ಕ ನೆನಪಿರುತ್ತದೆ.

ಸರಿಯಾಗಿ ಕೊರೆದ ನಾಲ್ಕು ತೂತುಗಳು ಗೋಡೆಯನ್ನು ಕೆಡಿಸುವುದಿಲ್ಲ. ಅವನ್ನು ಮುಚ್ಚುವುದಕ್ಕೆ ಅರ್ಧ ದಿನ ಸಾಕು. ಗೋಡೆ ಯಾವುದೆಂದು ತಿಳಿಯದೆ ಅಂದಾಜಿನ ಮೇಲೆ ಕೊರೆದು, ಆ ತಪ್ಪನ್ನು ಇನ್ನೊಂದು ತೂತಿನಿಂದ ತಿದ್ದಲು ಹೋದಾಗ ಮಾತ್ರ ಗೋಡೆ ಹಾಳಾಗುತ್ತದೆ. ಆದ್ದರಿಂದ ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲಿನ ಕೆಲಸವೇ ಇಲ್ಲಿ ಹೆಚ್ಚಿನದು.

ಮೊದಲು ಗೋಡೆಯ ಜಾತಿ ತಿಳಿಯಿರಿ

ಕಟ್ಟಡದ ವಯಸ್ಸಿನಿಂದಲೇ ಗೋಡೆಯನ್ನು ಬಹುಮಟ್ಟಿಗೆ ಊಹಿಸಬಹುದು. ಗಿರಗಾಂವ್, ಪರೇಲ್ ಕಡೆಯ ಹಳೆಯ ಚಾಳುಗಳಲ್ಲಿ ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆಗಳಿರುತ್ತವೆ, ಖೋಲಿಗಳ ನಡುವಿನ ಅಡ್ಡಗೋಡೆ ಮರದ ಹಲಗೆಯದ್ದೂ ಆಗಿರಬಹುದು. ಮೂವತ್ತು-ನಲವತ್ತು ವರ್ಷ ಹಿಂದಿನ ಸೊಸೈಟಿಗಳಲ್ಲಿ ಕಾಂಕ್ರೀಟಿನ ಕಂಬ-ತೊಲೆಗಳ ನಡುವೆ ಇಟ್ಟಿಗೆ ತುಂಬಿರುತ್ತಾರೆ. ಸಾಮಾನ್ಯವಾಗಿ ಹೊರಗೋಡೆ 9 ಅಂಗುಲ, ಒಳಗೋಡೆ ನಾಲ್ಕೂವರೆ ಅಂಗುಲ. ಠಾಣೆಯ ಘೋಡ್‌ಬಂದರ್ ರಸ್ತೆ, ಪುಣೆಯ ಹಿಂಜವಡಿ ಕಡೆಯ ಹೊಸ ಕಟ್ಟಡಗಳಲ್ಲಿ ಎರಡು ಬಗೆಯ ಗೋಡೆಗಳನ್ನು ಕಾಣುತ್ತೇವೆ. ಒಂದು, ಇಲ್ಲಿನ ಗಾರೆ ಕೆಲಸದವರು ಸಿಪೊರೆಕ್ಸ್ ಎನ್ನುವ ಹಗುರ ಬ್ಲಾಕ್. ಇನ್ನೊಂದು, ಅಲ್ಯೂಮಿನಿಯಂ ಅಚ್ಚಿನಲ್ಲಿ ಇಡೀ ಗೋಡೆಯನ್ನೇ ಎರಕ ಹೊಯ್ದ ಕಾಂಕ್ರೀಟ್, ಅಂದರೆ ಬಿಲ್ಡರುಗಳ ಬಾಯಲ್ಲಿ ‘ಮಿವಾನ್’. ಗೋವಾದ ಹಳೆಯ ಮನೆಗಳಲ್ಲಿರುವುದು ನಮ್ಮ ಕರಾವಳಿಯವರಿಗೆ ಹುಟ್ಟಿನಿಂದ ಪರಿಚಯವಿರುವ ಕೆಂಪುಕಲ್ಲು.

ಇವುಗಳಲ್ಲಿ ಹೆಚ್ಚು ಮೋಸ ಮಾಡುವುದು ಸಿಪೊರೆಕ್ಸ್. ತಯಾರಿಸುವಾಗ ಅಲ್ಯೂಮಿನಿಯಂ ಪುಡಿ ಸೇರಿಸಿ ಗಾಳಿಗುಳ್ಳೆಗಳನ್ನು ಎಬ್ಬಿಸಿದ ಈ ಬ್ಲಾಕ್ ಒಂದು ಘನ ಮೀಟರಿಗೆ ಸುಮಾರು 600 ಕೆ.ಜಿ. ಮಾತ್ರ ತೂಗುತ್ತದೆ, ಕಾಂಕ್ರೀಟ್ ಅಷ್ಟೇ ಜಾಗದಲ್ಲಿ 2,400 ಕೆ.ಜಿ. ತೂಗುತ್ತದೆ. ಪ್ಲಾಸ್ಟರ್, ಪುಟ್ಟಿ, ಬಣ್ಣ ಬಿದ್ದ ಮೇಲೆ ಹೊರನೋಟಕ್ಕೆ ಎಲ್ಲ ಗೋಡೆಗಳೂ ಒಂದೇ. ಇಟ್ಟಿಗೆಗೆಂದು ಮಾಡಿದ ಗಿಡ್ಡ ಗಿಟ್ಟಿ (ಸ್ಕ್ರೂ ಹಿಡಿಯಲೆಂದು ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಕೊಳವೆ) ಸಿಪೊರೆಕ್ಸಿನಲ್ಲಿ ಮೊದಲ ದಿನ ಹಿಡಿದಂತೆ ತೋರುತ್ತದೆ, ಆಮೇಲೆ ಸುತ್ತಲಿನ ಬ್ಲಾಕ್ ಪುಡಿಯಾಗುತ್ತ ಸ್ಕ್ರೂ ಹೊರಗೆ ಬರತೊಡಗುತ್ತದೆ. ಡೊಂಬಿವಲಿಯ ನಮ್ಮ ಗೋಡೆಯೂ ಅದೇ ಆಗಿತ್ತೆಂದು ನನಗೆ ತಿಳಿದದ್ದು, ಬೆಂಕಿಕಡ್ಡಿ ತುರುಕಿದ ಆ ತೂತಿನಿಂದ ಮೈದಾ ಹಿಟ್ಟಿನಂಥ ಪುಡಿ ಉದುರಿದಾಗ.

ಪರೀಕ್ಷೆ ಸುಲಭ. ಬ್ರಾಕೆಟ್ಟಿನ ಹಿಂದೆ ಮರೆಯಾಗುವ ಜಾಗದಲ್ಲಿ 4 ಅಥವಾ 5 ಮಿ.ಮೀ. ಬಿಟ್ ಹಾಕಿ ಒಂದು ಸಣ್ಣ ತೂತು ಕೊರೆದು, ಕೆಳಗೆ ಬಿಳಿ ಕಾಗದ ಹಿಡಿಯಿರಿ. ಮೊದಲು ಬೀಳುವುದು ಪುಟ್ಟಿಯ ಬಿಳಿ ಪುಡಿ, ಅದರ ಹಿಂದೆ ಪ್ಲಾಸ್ಟರಿನದು. ಇವೆರಡನ್ನೂ ಬದಿಗಿಟ್ಟು, 20 ಮಿ.ಮೀ. ದಾಟಿದ ಮೇಲೆ ಬರುವ ಪುಡಿಯನ್ನು ನೋಡಬೇಕು. ಇಟ್ಟಿಗೆಯಾದರೆ ಕೆಂಪು ಪುಡಿ. ಬಿಟ್ ಬೆಣ್ಣೆಯೊಳಗೆ ಹೋದಂತೆ ಹೋಗಿ ಬೂದು-ಬಿಳಿ ನುಣುಪು ಪುಡಿ ಬಂದರೆ ಸಿಪೊರೆಕ್ಸ್. ಬಿಟ್ ಮುಂದೆ ಹೋಗಲೊಲ್ಲದೆ ಕೂಗಿ, ಚಿಟಿಕೆಯಷ್ಟು ಬೂದು ಪುಡಿ ಬಂದರೆ ಕಾಂಕ್ರೀಟ್. ತುಕ್ಕಿನ ಬಣ್ಣದ ಒರಟು ಪುಡಿ, ನಡುನಡುವೆ ಬಿಟ್ ಪೊಳ್ಳಿಗೆ ಜಾರಿದ ಅನುಭವವಾದರೆ ಕೆಂಪುಕಲ್ಲು. ಪುಡಿ ಒದ್ದೆಯಾಗಿ ಬಿಟ್ಟಿಗೆ ಅಂಟಿಕೊಂಡರೆ ಗೋಡೆ ಯಾವುದೇ ಇರಲಿ, ಅಲ್ಲಿಗೇ ನಿಲ್ಲಿಸಿ. ನೈಋತ್ಯ ಮಳೆಗೆ ಎದುರಾಗುವ ಪಶ್ಚಿಮದ ಹೊರಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿಯುತ್ತವೆ. ಅಂಥ ಗೋಡೆಗೆ ಟಿವಿ ಏರಿಸಿದರೆ ಪ್ಲಾಸ್ಟರೂ ಸಡಿಲ, ಟಿವಿಯ ಬೆನ್ನಿಗೂ ತೇವ. ಒಳಗೋಡೆಯನ್ನು ಆರಿಸಿಕೊಳ್ಳುವುದೇ ಕ್ಷೇಮ.

ಕೊರೆಯದೆಯೂ ಆಗುತ್ತದೆ

ಗೋಡೆ ತೇವವಾಗಿದ್ದರೆ, ಹಲಗೆಯದ್ದಾಗಿದ್ದರೆ ಅಥವಾ ಕರಾರಿನಲ್ಲಿ ಮಾಲೀಕರು ಮೊಳೆ ಹೊಡೆಯಬಾರದೆಂದು ಬರೆಸಿದ್ದರೆ ಕೊರೆಯುವ ಆಸೆಯನ್ನು ಬಿಡುವುದು ಒಳ್ಳೆಯದು. ಚಿತ್ರಪಟ ತೂಗುಹಾಕುವ ಅಂಟುಪಟ್ಟಿಗಳನ್ನು ಟಿವಿಗೆ ಬಳಸುವ ಯೋಚನೆ ಬೇಡವೇ ಬೇಡ. ಪಟ್ಟಿ ಬಿಡದಿದ್ದರೂ ಅದು ಹಿಡಿದಿರುವ ಬಣ್ಣದ ಪದರ ಗೋಡೆಯನ್ನು ಬಿಡುತ್ತದೆ.

ಬಾಡಿಗೆಯವರಿಗೆ ನಾನು ಹೇಳುವ ಉಪಾಯ ಬೇರೆ. ಸುತಾರನಿಂದ (ಬಡಗಿಯಿಂದ) 18 ಮಿ.ಮೀ. ಪ್ಲೈವುಡ್ಡಿನ, ಟಿವಿಗಿಂತ ತುಸು ಅಗಲದ, ನೆಲದಿಂದ ಸುಮಾರು ಐದು ಅಡಿ ಎತ್ತರದ ಒಂದು ಹಲಗೆ ಮಾಡಿಸಿ, ಅದನ್ನು ಟಿವಿ ಕಪಾಟಿನ ಬೆನ್ನಿಗೆ ಬಿಗಿಸಬೇಕು. ಬ್ರಾಕೆಟ್ಟನ್ನು ಆ ಹಲಗೆಗೆ ನಟ್-ಬೋಲ್ಟ್ ಮತ್ತು ಅಗಲ ವಾಶರ್ ಹಾಕಿ ಕೂರಿಸಿದರೆ ಟಿವಿಯ ತೂಕವೆಲ್ಲ ನೆಲಕ್ಕೆ ಇಳಿಯುತ್ತದೆ. ಗೋಡೆ ಹೊರುವುದು ಏನೂ ಇಲ್ಲ. ಕಪಾಟಿನ ಕೆಳಖಾನೆಯಲ್ಲಿ ಪುಸ್ತಕದಂಥ ಭಾರದ ವಸ್ತುಗಳನ್ನು ಇಡಿ. ಮಕ್ಕಳು ಹತ್ತಿ ಜಗ್ಗುವ ಮನೆಯಾದರೆ ಹಲಗೆ ಮುಂದಕ್ಕೆ ವಾಲದಂತೆ ಮೇಲ್ತುದಿಯಲ್ಲಿ ಎರಡು ಸಣ್ಣ ಎಲ್-ಕ್ಲಾಂಪುಗಳನ್ನು ಗೋಡೆಗೆ ಹಾಕಲೇಬೇಕು, ಅವಕ್ಕೆ ಬೇಕಾಗುವುದು ಬೆರಳತುದಿಯಷ್ಟು ತೂತು. ಮನೆ ಬದಲಿಸುವಾಗ ಕಪಾಟು, ಹಲಗೆ, ಬ್ರಾಕೆಟ್ ಎಲ್ಲವೂ ಟೆಂಪೊ ಏರುತ್ತವೆ.

ಜಾಗ, ಎತ್ತರ, ವೈರು

ಕೊರೆಯುವುದೇ ಸರಿ ಎಂದಾದರೆ ಜಾಗವನ್ನು ಒಮ್ಮೆಗೇ ನಿರ್ಧರಿಸಿ. 43 ಅಂಗುಲದ ಟಿವಿ ಸುಮಾರು 96 ಸೆಂ.ಮೀ. ಅಗಲ, 56 ಸೆಂ.ಮೀ. ಎತ್ತರ ಇರುತ್ತದೆ, 55 ಅಂಗುಲದ್ದು ಸುಮಾರು 123 ಮತ್ತು 71. ಹಳೆಯ ಪತ್ರಿಕೆಗಳನ್ನು (ಓದಿ ಮುಗಿದ ಮೇಲೆ ಈ ಪುರವಣಿಯೂ ಆದೀತು) ಆ ಅಳತೆಗೆ ಜೋಡಿಸಿ ಗೋಡೆಗೆ ಟೇಪಿನಿಂದ ಅಂಟಿಸಿ, ಒಂದು ದಿನ ಹಾಗೆಯೇ ಬಿಟ್ಟು ಕುಳಿತಲ್ಲಿಂದ ನೋಡಿ. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 100ರಿಂದ 110 ಸೆಂ.ಮೀ. ಮೇಲಿರುತ್ತದೆ, ಪರದೆಯ ನಡುಭಾಗ ಅಲ್ಲಿಗೆ ಬರಬೇಕು. ಚಾಪೆ ಹಾಸಿ ಕೂರುವ ಮನೆಗಳಲ್ಲಿ ಅದು ಇನ್ನೂ ಒಂದಡಿ ಕೆಳಕ್ಕೆ ಬರುತ್ತದೆ. ಹೋಟೆಲಿನಲ್ಲಿ ಗಿರಾಕಿಗಳ ತಲೆಯ ಮೇಲೆ ತೂಗುವ ಟಿವಿಯನ್ನು ನೋಡಿ ಮನೆಯಲ್ಲೂ ಅದೇ ಎತ್ತರಕ್ಕೆ ಏರಿಸಿಕೊಂಡು, ಕತ್ತು ನೋವೆಂದು ಆರು ತಿಂಗಳಲ್ಲಿ ಕೆಳಗಿಳಿಸುವವರು ಕಡಿಮೆಯಿಲ್ಲ. ಆಗ ಮತ್ತೆ ನಾಲ್ಕು ತೂತು.

ಗೋಡೆಯೊಳಗಿನ ವೈರಿನ ಪೈಪುಗಳು ಸಾಮಾನ್ಯವಾಗಿ ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ಅಥವಾ ಕೆಳಕ್ಕೆ ಹೋಗುತ್ತವೆ. ಬೋರ್ಡಿನ ನೇರದಲ್ಲಿ, ಅದರ ಎರಡೂ ಪಕ್ಕದಲ್ಲಿ ಅರ್ಧ ಅಡಿಯಷ್ಟು ಜಾಗದಲ್ಲಿ ಕೊರೆಯಬೇಡಿ. ಗೋಡೆಯ ಆಚೆ ಬದಿಯಲ್ಲಿ ಬಚ್ಚಲುಮನೆ ಅಥವಾ ಅಡುಗೆಮನೆಯ ನಲ್ಲಿ ಇದೆಯೇ ಎಂದು ಎದ್ದುಹೋಗಿ ನೋಡಿ. ವೈರಿಗೆ ಮುಟ್ಟಿಸದೆಯೇ ವಿದ್ಯುತ್ ತೋರಿಸುವ ಟೆಸ್ಟರ್ ಕರೆಂಟ್ ಇರುವ ವೈರನ್ನು ಮಾತ್ರ ಗುರುತಿಸುತ್ತದೆ. ಆದ್ದರಿಂದ ಎಂಸಿಬಿ (ಕೋಣೆಯ ಕರೆಂಟ್ ಕಡಿಯುವ ಸ್ವಿಚ್) ಚಾಲೂ ಇರುವಾಗಲೇ ಅದನ್ನು ಗೋಡೆಯ ಮೇಲೆ ಆಡಿಸಿ, ಆಮೇಲೆ ಆ ಕೋಣೆಯ ಎಂಸಿಬಿ ಇಳಿಸಿ, ಡ್ರಿಲ್ಲಿಗೆ ಬೇರೆ ಕೋಣೆಯಿಂದ ಎಕ್ಸ್‌ಟೆನ್ಶನ್ ಎಳೆದುಕೊಳ್ಳಿ.

ಬ್ರಾಕೆಟ್ ಆರಿಸುವಾಗಿನ ಲೆಕ್ಕ

ಟಿವಿಯ ಬೆನ್ನಿನ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರಕ್ಕೆ ವೆಸಾ ಎಂಬ ಅಳತೆಪದ್ಧತಿ ಇದೆ. 200×200 ಎಂದರೆ ಅಡ್ಡಕ್ಕೂ ಉದ್ದಕ್ಕೂ 200 ಮಿ.ಮೀ. ಅಂತರ. ಈ ಅಂಕಿ ಟಿವಿಯ ಕೈಪಿಡಿಯಲ್ಲಿರುತ್ತದೆ, ಇಲ್ಲವೇ ಸ್ಕೇಲಿನಿಂದ ಅಳೆಯಬಹುದು. ಅದಕ್ಕೆ ಹೊಂದುವ ಬ್ರಾಕೆಟ್ ಕೊಳ್ಳಬೇಕು, ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

ಹೇಳಬೇಕಾದದ್ದು ಅತ್ತಿತ್ತ ಹೊರಳುವ, ಮುಂದಕ್ಕೆ ಎಳೆಯುವ ಬ್ರಾಕೆಟ್ಟುಗಳ ಬಗ್ಗೆ. 15 ಕೆ.ಜಿ.ಯ ಟಿವಿಯನ್ನು ಗೋಡೆಗೆ ಒತ್ತಿಕೊಂಡಂತೆ, ಅದರ ತೂಕದ ಕೇಂದ್ರ ಗೋಡೆಯಿಂದ 5 ಸೆಂ.ಮೀ. ದೂರದಲ್ಲಿರುವಂತೆ ಹಾಕಿದ್ದೇವೆ ಎನ್ನಿ. ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಕೀಳುವ ಬಲ ನಾಲ್ಕು ಕೆ.ಜಿ.ಗೂ ಕಡಿಮೆ. ಅದೇ ಟಿವಿಯನ್ನು ತೋಳಿನ ಮೇಲೆ ಗೋಡೆಯಿಂದ 40 ಸೆಂ.ಮೀ. ದೂರಕ್ಕೆ ಎಳೆದರೆ ಆ ಬಲ 30 ಕೆ.ಜಿ. ಆಗುತ್ತದೆ. ಟಿವಿ ದಪ್ಪವಾಗಲಿಲ್ಲ, ಸನ್ನೆ ಉದ್ದವಾಯಿತು. ಸಿಪೊರೆಕ್ಸ್ ಅಥವಾ ಕೆಂಪುಕಲ್ಲಿನ ಗೋಡೆಗೆ ಸ್ಥಿರ ಬ್ರಾಕೆಟ್, ಹೆಚ್ಚೆಂದರೆ ತುಸು ಬಾಗುವ ಬ್ರಾಕೆಟ್ ಸಾಕು. ಎಳೆಯುವಂಥದ್ದನ್ನು ಗಟ್ಟಿ ಇಟ್ಟಿಗೆ ಮತ್ತು ಕಾಂಕ್ರೀಟಿಗೆ ಬಿಡಿ.

ಬ್ರಾಕೆಟ್ಟಿನ ಡಬ್ಬಿಯಲ್ಲಿ ಬರುವ ಗಿಟ್ಟಿಗಳನ್ನು ಕಣ್ಣು ಮುಚ್ಚಿ ಬಳಸಬೇಡಿ. ಮುಂಬೈಯ ನಾಗ್‌ದೇವಿ ಸ್ಟ್ರೀಟ್‌ನಂಥ ಹಾರ್ಡ್‌ವೇರ್ ಪೇಟೆಗಳಲ್ಲಿ ಬೇಕಾದ ಬಗೆಯದ್ದು ಸಿಗುತ್ತದೆ. ‘ಗೋಡೆ ಯಾವುದು?’ ಎಂದು ಕೇಳದೆ ಗಿಟ್ಟಿ ಕೊಡುವ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಇಟ್ಟಿಗೆಗೆ 10 ಮಿ.ಮೀ. ದಪ್ಪದ ಒಳ್ಳೆಯ ನೈಲಾನ್ ಗಿಟ್ಟಿ ಸಾಕು. ಬಿಗಿದಂತೆ ಹಿಗ್ಗುವ ಲೋಹದ ಫಾಸ್ಟನರ್ ಕಾಂಕ್ರೀಟಿಗೆ ಮಾತ್ರ ಸರಿ; ಇಟ್ಟಿಗೆಯಲ್ಲಿ, ಸಿಪೊರೆಕ್ಸಿನಲ್ಲಿ ಅದು ಗೋಡೆಯನ್ನು ಒಳಗಿನಿಂದ ಸೀಳುತ್ತದೆ. ಸಿಪೊರೆಕ್ಸಿಗೆಂದೇ ಮಾಡಿದ ಉದ್ದನೆಯ ಗಿಟ್ಟಿ ಬೇಕು. ಟಿವಿ ದೊಡ್ಡದಾದರೆ ಅಥವಾ ಗೋಡೆ ಕೆಂಪುಕಲ್ಲಿನದಾದರೆ ತೂತಿನಲ್ಲಿ ಅಂಟು ತುಂಬಿ ಸರಳನ್ನು ನಿಲ್ಲಿಸುವ ಕೆಮಿಕಲ್ ಆಂಕರ್ ಉತ್ತಮ. ಕಡಲ ಗಾಳಿಯ ಊರುಗಳಲ್ಲಿ, ಮುಖ್ಯವಾಗಿ ಗೋವಾದಲ್ಲಿ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಸಾದಾ ಸ್ಕ್ರೂವಿನ ತುಕ್ಕು ಗೋಡೆಯ ಮೇಲೆ ಕಂದು ಗೆರೆಯಾಗಿ ಇಳಿಯುತ್ತದೆ.

ಕೊರೆಯುವ ಕೆಲಸ

ಸೊಸೈಟಿಯಲ್ಲಿ ಡ್ರಿಲ್ ಬಳಸುವ ವೇಳೆಯನ್ನು ವಾಚ್‌ಮನ್‌ನಿಂದ ಮೊದಲೇ ಕೇಳಿಕೊಳ್ಳಿ. ಪುಣೆಯಲ್ಲಂತೂ ಮಧ್ಯಾಹ್ನ ಊಟವಾದ ಮೇಲಿನ ಹೊತ್ತಿನಲ್ಲಿ ಡ್ರಿಲ್ ಹಚ್ಚುವವರಿಗೆ ನೆರೆಯವರ ಸ್ನೇಹ ಉಳಿಯುವುದು ಕಷ್ಟ.

ಬ್ರಾಕೆಟ್ಟನ್ನು ರಸಮಟ್ಟ ಇಟ್ಟು ಗೋಡೆಗೆ ಹಿಡಿದು ಪೆನ್ಸಿಲಿನಿಂದ ನಾಲ್ಕು ಗುರುತು ಹಾಕಿ. ಒಂದೊಂದು ಗುರುತಿನ ಮೇಲೂ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲೆ ಗುರುತನ್ನು ಮತ್ತೆ ಬರೆಯಿರಿ. ಬಿಟ್ ಜಾರುವುದಿಲ್ಲ, ಬಣ್ಣ ಚಕ್ಕೆ ಏಳುವುದಿಲ್ಲ. ಒಂದು ಲಕೋಟೆಯ ಬಾಯಿ ತೆರೆದು ತೂತಿನ ಕೆಳಗೆ ಅಂಟಿಸಿದರೆ ಪುಡಿ ಅದರೊಳಗೇ ಬೀಳುತ್ತದೆ. ಗಿಟ್ಟಿಯ ಉದ್ದಕ್ಕೆ ಪ್ಲಾಸ್ಟರಿನ ದಪ್ಪ ಮತ್ತು ಇನ್ನೊಂದು 10 ಮಿ.ಮೀ. ಕೂಡಿಸಿ, ಅಷ್ಟು ದೂರಕ್ಕೆ ಬಿಟ್ಟಿನ ಮೇಲೆ ಟೇಪಿನ ಪಟ್ಟಿ ಸುತ್ತಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ: 12ರಿಂದ 20 ಮಿ.ಮೀ. ದಪ್ಪದ ಪ್ಲಾಸ್ಟರಿಗೆ ಭಾರ ಹೊರುವ ಶಕ್ತಿಯಿಲ್ಲ, ಗಿಟ್ಟಿ ಪೂರ್ತಿಯಾಗಿ ಅದನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು.

ಮೊದಲು 5 ಮಿ.ಮೀ. ಬಿಟ್, ಆಮೇಲೆ 10. ಡ್ರಿಲ್ ಗೋಡೆಗೆ ಲಂಬವಾಗಿರಲಿ. ಇಟ್ಟಿಗೆಯಲ್ಲಿ ಡ್ರಿಲ್ಲಿನ ಹ್ಯಾಮರ್, ಅಂದರೆ ಗುದ್ದುತ್ತ ಕೊರೆಯುವ ಸ್ವಿಚ್, ಬೇಕಾಗುತ್ತದೆ, ಆದರೆ ಪ್ಲಾಸ್ಟರ್ ದಾಟುವವರೆಗೆ ಅದನ್ನು ಹಚ್ಚಬೇಡಿ. ಸಿಪೊರೆಕ್ಸಿನಲ್ಲಿ ಹ್ಯಾಮರ್ ಪೂರ್ತಿ ಬಂದ್. ನಾಲ್ಕೂವರೆ ಅಂಗುಲದ ಗೋಡೆಯಾದರೆ ಕೊನೆಯ ಹಂತದಲ್ಲಿ ಒತ್ತಡ ಸಡಿಲಿಸಿ, ಇಲ್ಲದಿದ್ದರೆ ಪಕ್ಕದ ಕೋಣೆಯ ಪ್ಲಾಸ್ಟರ್ ತಟ್ಟೆಯಗಲ ಕಳಚಿ ಬೀಳಬಹುದು. ಬಿಟ್ ಇದ್ದಕ್ಕಿದ್ದಂತೆ ಹಗುರಾಗಿ ಗಾರೆಯ ಸಂದಿಗೆ ಸಿಕ್ಕಿತೆಂದು ತೋರಿದರೆ ಅಥವಾ ಕಾಂಕ್ರೀಟಿನಲ್ಲಿ ಸರಳಿಗೆ ತಗುಲಿ ನಿಂತರೆ ಹಟ ಮಾಡದೆ, ಬ್ರಾಕೆಟ್ಟಿನಲ್ಲೇ ಇರುವ ಪಕ್ಕದ ಸೀಳಿಗೆ ಸರಿಯಿರಿ. ಆ ವಿಫಲ ತೂತು ಬ್ರಾಕೆಟ್ಟಿನ ಹಿಂದೆಯೇ ಮುಚ್ಚಿಹೋಗುತ್ತದೆ.

ತೂತಿನ ಪುಡಿಯನ್ನು ಊದಿ ತೆಗೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಗಿಟ್ಟಿ ಕೈಯಿಂದ ಅರ್ಧ ಹೋಗಿ, ಸುತ್ತಿಗೆಯ ಎರಡು ಮೆಲು ಏಟಿಗೆ ಪೂರ್ತಿ ಕೂತರೆ ತೂತು ಸರಿಯಾಗಿದೆ. ಒಂದೇ ಒತ್ತಿಗೆ ಒಳಗೆ ಜಾರಿದರೆ ತೂತು ದೊಡ್ಡದಾಗಿದೆ. ಬೆಂಕಿಕಡ್ಡಿ ಹುಡುಕದೆ ಒಂದು ಅಳತೆ ದೊಡ್ಡದಾದ ಗಿಟ್ಟಿ ಹಾಕಿ. ಸ್ಕ್ರೂಗಳನ್ನು ಕೈಯಿಂದಲೇ ಬಿಗಿಯಿರಿ, ಬ್ರಾಕೆಟ್ ಗೋಡೆಗೆ ಕಚ್ಚಿದೊಡನೆ ನಿಲ್ಲಿಸಿ. ಟಿವಿ ಏರಿಸುವ ಮೊದಲು ಬ್ರಾಕೆಟ್ಟನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೂ ಹೊರಕ್ಕೂ ಜಗ್ಗಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಟಿವಿ ನೆಲದಲ್ಲೇ ಇರಲಿ. ಏರಿಸುವುದಕ್ಕೆ ಇಬ್ಬರು ಬೇಕು. ಟಿವಿಯ ಬೆನ್ನಿನ ಸ್ಕ್ರೂಗಳು ಕೈಪಿಡಿಯಲ್ಲಿ ಹೇಳಿದ ಉದ್ದಕ್ಕಿಂತ ಹೆಚ್ಚಿದ್ದರೆ ಒಳಗಿನ ಪ್ಯಾನಲ್ಲಿಗೆ ತಾಗುತ್ತವೆ.

ಮನೆ ಬಿಡುವಾಗ

ಗಿಟ್ಟಿಯನ್ನು ಸುತ್ತಿಗೆಯಿಂದ ಒಳಕ್ಕೆ ತಳ್ಳಬೇಡಿ. ಸ್ಕ್ರೂವನ್ನು ಗಿಟ್ಟಿಯೊಳಗೆ ಅರ್ಧದಷ್ಟು ಉಳಿಯುವಂತೆ ತಿರುಗಿಸಿ, ಅದರ ತಲೆಯನ್ನು ಇಕ್ಕಳದಿಂದ ಹಿಡಿದು ನೇರಕ್ಕೆ ಎಳೆದರೆ ಗಿಟ್ಟಿ ಜೊತೆಗೇ ಬರುತ್ತದೆ. ತೂತಿನೊಳಗೆ ನೀರು ಚಿಮುಕಿಸಿ, ಪುಟ್ಟಿಯನ್ನು ಎರಡು ಸಲ ತುಂಬಿ. ಮೊದಲನೆಯದು ಒಣಗಿ ಕುಗ್ಗಿದ ಮೇಲೆ ಎರಡನೆಯದು. ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಪ್ರೈಮರ್ ಹಚ್ಚಿ. ಬಣ್ಣದ ಹೆಸರು ಮತ್ತು ನಂಬರನ್ನು ಮನೆ ಹಿಡಿಯುವಾಗಲೇ ಮಾಲೀಕರಿಂದ ಕೇಳಿ ಬರೆದಿಟ್ಟುಕೊಂಡಿದ್ದರೆ ಒಂದು ಸಣ್ಣ ಡಬ್ಬಿ ಸಾಕು. ಎರಡು-ಮೂರು ವರ್ಷದ ಹಳೆಯ ಗೋಡೆಯ ಬಣ್ಣ ಮಾಸಿರುವುದರಿಂದ ಹೊಸ ಬಣ್ಣದ ಚುಕ್ಕೆಗಳು ಎದ್ದು ಕಾಣುತ್ತವೆ. ಹಾಗಾಗಿ ತೂತಿನ ಮೇಲಷ್ಟೇ ಹಚ್ಚದೆ, ಟಿವಿ ಇದ್ದ ಚೌಕವನ್ನೆಲ್ಲ ಸ್ಪಂಜಿನಿಂದ ತೆಳುವಾಗಿ ಒತ್ತುತ್ತ, ಅಂಚಿನಲ್ಲಿ ಹಳೆಯ ಬಣ್ಣಕ್ಕೆ ಕರಗಿಸಿಬಿಡಿ. ಮಾಲೀಕರು ಬರುವುದಕ್ಕೆ ಎರಡು ದಿನ ಮೊದಲೇ ಈ ಕೆಲಸ ಮುಗಿದಿರಬೇಕು, ಏಕೆಂದರೆ ಹಸಿ ಬಣ್ಣದ ವಾಸನೆ ತೂತುಗಳಿಗಿಂತ ಬೇಗ ಗಮನಕ್ಕೆ ಬರುತ್ತದೆ.