ಅಂಗವೈಕಲ್ಯ ಪಿಂಚಣಿ ತಿರಸ್ಕಾರವಾಯ್ತಾ? ಮಾಜಿ ಸೈನಿಕರು ಮೇಲ್ಮನವಿ ಹಾಕುವುದು ಹೀಗೆ

ಅರಸೀಕೆರೆ, ಚನ್ನರಾಯಪಟ್ಟಣ, ಸಕಲೇಶಪುರ ಕಡೆಯ ಎಷ್ಟೋ ಮನೆಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರಿದ್ದಾರೆ. ಬಿಪಿ, ಸಕ್ಕರೆ ಕಾಯಿಲೆ, ಬೆನ್ನುನೋವು, ಕಿವಿ ಕೇಳದಿರುವುದು, ಹೀಗೆ ಏನಾದರೊಂದು ಜೊತೆಯಲ್ಲೇ ಬಂದಿರುತ್ತದೆ. ಪಿಂಚಣಿಗೆ ಅರ್ಜಿ ಹೋಗಿರುತ್ತದೆ. ಕೆಲವು ತಿಂಗಳ ನಂತರ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಪತ್ರ ಬರುತ್ತದೆ: ಈ ಕಾಯಿಲೆ ಸೈನಿಕ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡು ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಆದರೆ ಅದು ಮೊದಲ ಉತ್ತರ ಮಾತ್ರ. ಅದರ ಮೇಲೆ ಎರಡು ಮೇಲ್ಮನವಿ, ಆಮೇಲೆ ಒಂದು ನ್ಯಾಯಮಂಡಳಿ ಇವೆ.

ಎಷ್ಟು ದುಡ್ಡಿನ ವಿಷಯ ಇದು? ನೂರಕ್ಕೆ ನೂರು ಅಂಗವೈಕಲ್ಯ ಇದ್ದರೆ ಕೊನೆಯ ಸಂಬಳದ ಶೇ 30ರಷ್ಟು ಪ್ರತಿ ತಿಂಗಳು ಸಿಗುತ್ತದೆ. ಕಡಿಮೆ ಇದ್ದರೆ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಲೆಕ್ಕಕ್ಕೆ ಬರುವ ಸಂಬಳ 40,000 ರೂಪಾಯಿ ಇದ್ದವರಿಗೆ ಶೇ 20 ಅಂಗವೈಕಲ್ಯಕ್ಕೆ 2,400 ರೂಪಾಯಿ. ಆ ಶೇ 20ನ್ನು ಮೇಲಕ್ಕೇರಿಸಿ ಶೇ 50 ಎಂದು ದುಂಡು ಮಾಡಿದರೆ 6,000. ಇದರ ಮೇಲೆ ತುಟ್ಟಿಭತ್ಯೆ ಬೇರೆ. ಹೀಗೆ ದುಂಡು ಮಾಡುವ ಪದ್ಧತಿ ಮೊದಲು ಕಾಯಿಲೆಯಿಂದ ಸೇವೆ ಬಿಡಬೇಕಾಗಿ ಬಂದವರಿಗೆ ಮಾತ್ರ ಇತ್ತು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕು ಎಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮೊದಲು ಪತ್ರ ಓದಿ, ಆಮೇಲೆ ಕಾಗದ ತರಿಸಿ

ತಿರಸ್ಕಾರಕ್ಕೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಒಂದು, ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲ ಅನ್ನುವುದು. ಇನ್ನೊಂದು, ಅಂಗವೈಕಲ್ಯ ಶೇ 20ಕ್ಕಿಂತ ಕಡಿಮೆ ಅನ್ನುವುದು. ನಿಮ್ಮ ಪತ್ರದಲ್ಲಿ ಯಾವುದಿದೆ ನೋಡಿ. ಎರಡಕ್ಕೂ ಉತ್ತರ ಬೇರೆ ಬೇರೆ. ಪತ್ರದ ದಿನಾಂಕ ಮತ್ತು ಅದು ನಿಮ್ಮ ಕೈ ಸೇರಿದ ದಿನಾಂಕ ಬರೆದಿಡಿ. ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವಿದೆ.

ಅವಸರ ಮಾಡಿ ಮೇಲ್ಮನವಿ ಬರೆಯಬೇಡಿ. ಮೊದಲು ಸೇವೆಯಿಂದ ಬಿಡುಗಡೆ ಸಮಯದ ಮೆಡಿಕಲ್ ಬೋರ್ಡ್ (ಸೇನಾ ವೈದ್ಯರ ಮಂಡಳಿ) ವರದಿಯ ಪೂರ್ತಿ ಪ್ರತಿ ಬೇಕು. ಅದರ ಜೊತೆ ಭರ್ತಿಯಾದಾಗ ಮಾಡಿದ ವೈದ್ಯಕೀಯ ಪರೀಕ್ಷೆಯ ದಾಖಲೆ, ಆಸ್ಪತ್ರೆಗೆ ಸೇರಿದ್ದರ ಕಾಗದ, ಗಾಯವಾಗಿದ್ದರೆ ಇಂಜುರಿ ರಿಪೋರ್ಟ್, ವಿಚಾರಣೆ ನಡೆದಿದ್ದರೆ ಅದರ ವರದಿ. ಇವುಗಳನ್ನು ನಿಮ್ಮ ರೆಕಾರ್ಡ್ ಆಫೀಸಿನಿಂದ ಕೇಳಿ. ಮದ್ರಾಸ್ ಸ್ಯಾಪರ್ಸ್, ಪಯೋನೀರ್, ಪ್ಯಾರಾಶೂಟ್ ರೆಜಿಮೆಂಟಿನವರಿಗೆ ಅದು ಬೆಂಗಳೂರಿನಲ್ಲೇ ಇದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಇಎಂಇ (ಸೇನೆಯ ಯಂತ್ರೋಪಕರಣ ದುರಸ್ತಿ ದಳ) ಆದರೆ ಸಿಕಂದರಾಬಾದ್, ಸಿಗ್ನಲ್ಸ್ ಆದರೆ ಜಬಲ್ಪುರ, ತೋಪಿನ ದಳ ಆದರೆ ನಾಸಿಕ್ ರೋಡ್. ಕೇಳಿದರೂ ಕೊಡದಿದ್ದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು.

ಬೋರ್ಡ್ ಬರೆದ ಕಾರಣ ಏನು?

ಇಡೀ ಪ್ರಕರಣ ನಿಂತಿರುವುದು ಇಲ್ಲಿ. ವರದಿಯಲ್ಲಿ ಕಾಯಿಲೆಗೂ ಸೇವೆಗೂ ಸಂಬಂಧ ಇದೆಯೇ ಅನ್ನುವ ಪ್ರಶ್ನೆಯ ಮುಂದೆ ವೈದ್ಯರು ಏನು ಬರೆದಿದ್ದಾರೆ ಹುಡುಕಿ. ಎಷ್ಟೋ ವರದಿಗಳಲ್ಲಿ ಬರೀ 'ಇಲ್ಲ' ಅಂತ ಇರುತ್ತದೆ. ಇಲ್ಲವೇ ಕಾಯಿಲೆ ಶುರುವಾಗಿದ್ದು ಶಾಂತಿ ಪ್ರದೇಶದಲ್ಲಿ (ಕಾರ್ಯಾಚರಣೆ ಇಲ್ಲದ ಕಡೆ), ಹಾಗಾಗಿ ಸೇವೆಗೆ ಸಂಬಂಧವಿಲ್ಲ ಅನ್ನುವ ಒಂದು ಸಾಲು. ಇಪ್ಪತ್ತು ವರ್ಷ ದುಡಿದವನಿಗೆ ಒಂದು ಸಾಲಿನ ಉತ್ತರ ಸಾಲದು. ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಭರ್ತಿಯಾದಾಗ ಕಾಯಿಲೆ ಇತ್ತು ಅಂತ ದಾಖಲೆ ಇಲ್ಲದಿದ್ದರೆ, ಆ ವ್ಯಕ್ತಿ ಆರೋಗ್ಯವಾಗಿಯೇ ಸೇನೆಗೆ ಬಂದ ಎಂದು ತಿಳಿಯಬೇಕು. ಆಮೇಲೆ ಬಂದ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಬೋರ್ಡ್ ಕಾರಣ ಬರೆಯಲೇಬೇಕು.

ಆದರೆ ಈ ತೀರ್ಪು ಎಲ್ಲಕ್ಕೂ ಮದ್ದಲ್ಲ. ರಜೆಯಲ್ಲಿದ್ದಾಗ ಮನೆಯಲ್ಲಿ ಬಿದ್ದು ಆದ ಗಾಯ, ಸೇವೆಗೆ ಯಾವ ನಂಟೂ ಇಲ್ಲದ ಅಪಘಾತ, ಇಂಥವಕ್ಕೆ ಕೋರ್ಟುಗಳೂ ಪಿಂಚಣಿ ನಿರಾಕರಿಸಿವೆ. ನೀವು ಯಾವಾಗ ನಿವೃತ್ತರಾದಿರಿ ಅನ್ನುವುದೂ ಮುಖ್ಯ. 1982ರ ನಿಯಮ ಇದೆ, 2008ರದ್ದು ಇದೆ, 2023ರ ಸೆಪ್ಟೆಂಬರ್ 21ರ ನಂತರ ಹೊರಬಂದವರಿಗೆ ಹೊಸ ನಿಯಮ ಬಂದಿದೆ. ಯಾರೋ ಗೆಳೆಯ ಗೆದ್ದ ಅಂತ ಅವನ ಅರ್ಜಿಯನ್ನೇ ನಕಲು ಮಾಡಬೇಡಿ.

ಮೇಲ್ಮನವಿಯಲ್ಲಿ ಏನು ಬರೆಯಬೇಕು

ಕಷ್ಟ ಹೇಳಿಕೊಳ್ಳುವುದಕ್ಕಿಂತ ದಾಖಲೆ ತೋರಿಸಿ. ಎರಡು ಮೂರು ಪುಟ ಸಾಕು. ಭರ್ತಿಯಾದ ದಿನ, ಆಗ ಆರೋಗ್ಯ ಹೇಗಿತ್ತು, ಆಮೇಲೆ ಯಾವ ಯಾವ ಜಾಗದಲ್ಲಿ ಎಷ್ಟು ಕಾಲ ಇದ್ದಿರಿ, ಕಾಯಿಲೆ ಮೊದಲು ಗೊತ್ತಾಗಿದ್ದು ಎಂದು, ಲೋ ಮೆಡಿಕಲ್ ಕೆಟಗರಿಗೆ (ಪೂರ್ತಿ ಆರೋಗ್ಯವಂತರಲ್ಲದವರ ವರ್ಗಕ್ಕೆ) ಹಾಕಿದ್ದು ಎಂದು. ಇದನ್ನು ಕಾಲಕ್ರಮದಲ್ಲಿ ಬರೆಯಿರಿ.

ಪೋಸ್ಟಿಂಗ್ ವಿವರಕ್ಕೆ ಹೆಚ್ಚು ಗಮನ ಕೊಡಿ. ಸೇನಾ ವೈದ್ಯರ ಮಾರ್ಗಸೂಚಿಯೇ ಬಿಪಿ, ಸಕ್ಕರೆ ಕಾಯಿಲೆಗಳ ವಿಷಯದಲ್ಲಿ ಫೀಲ್ಡ್ ಏರಿಯಾ, ಎತ್ತರದ ಪ್ರದೇಶ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಅನ್ನುತ್ತದೆ. ಹೃದಯದ ಕಾಯಿಲೆ ಆದರೆ ಅದಕ್ಕೆ ಮೊದಲಿನ 14 ದಿನಗಳ ಡ್ಯೂಟಿ ಏನಿತ್ತು ಅನ್ನುವುದನ್ನು ನೋಡಬೇಕು. ಕಾಯಿಲೆ ಪತ್ತೆಯಾಗಿದ್ದು ಶಾಂತಿ ಪ್ರದೇಶದಲ್ಲಿ ಇರಬಹುದು. ಅದಕ್ಕೆ ಮೊದಲು ಸಿಯಾಚಿನ್ ಕಡೆಯೋ ಕಾಶ್ಮೀರದಲ್ಲೋ ಕಳೆದ ವರ್ಷಗಳು ಲೆಕ್ಕಕ್ಕೆ ಬರಬೇಕು, ಅಲ್ವಾ? ಅದನ್ನೇ ಬರೆಯಿರಿ, ದಿನಾಂಕ ಸಮೇತ.

ಶೇ 20ಕ್ಕಿಂತ ಕಡಿಮೆ ಅಂತ ತಿರಸ್ಕಾರವಾಗಿದ್ದರೆ ಈಗಿನ ತಜ್ಞರ ವರದಿ ಜೋಡಿಸಿ. ಕಿವಿಯದಾದರೆ ಆಡಿಯೋಗ್ರಾಂ, ಬೆನ್ನಿನದಾದರೆ ಎಂಆರ್‌ಐ. ಕಾಯಿಲೆಯ ಕಾರಣಕ್ಕೇ ಸೇವೆಯಿಂದ ಕಳಿಸಿದ್ದರೆ, ಅಂಗವೈಕಲ್ಯ ಶೇ 20ಕ್ಕಿಂತ ಹೆಚ್ಚೇ ಇದೆ ಎಂದು ತಿಳಿಯಬೇಕು ಅನ್ನುವ 2014ರ ಸುಖ್ವಿಂದರ್ ಸಿಂಗ್ ತೀರ್ಪನ್ನು ಹೆಸರಿಸಿ.

ಮೇಲ್ಮನವಿಯನ್ನು ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲಿಂದ ಅದು ಮೊದಲ ಮೇಲ್ಮನವಿ ಸಮಿತಿಗೆ ಹೋಗುತ್ತದೆ. ರಸೀದಿ ಜೋಪಾನ. ಅಲ್ಲೂ ತಿರಸ್ಕಾರವಾದರೆ ಮತ್ತೆ ಆರು ತಿಂಗಳೊಳಗೆ ಎರಡನೇ ಮೇಲ್ಮನವಿ. ಇಲ್ಲಿ ಹಳೆಯದನ್ನೇ ತಿರುಗಿ ಕಳಿಸಬೇಡಿ. ಮೊದಲ ಸಮಿತಿ ಯಾವ ಮಾತಿಗೆ ಉತ್ತರ ಕೊಡಲಿಲ್ಲ ಅನ್ನುವುದನ್ನು ಬರೆಯಿರಿ. ಪಿಂಚಣಿ ಅದಾಲತ್‌ಗೋ ಆನ್‌ಲೈನ್ ದೂರಿಗೋ ಬರೆದು ಕಾಯುತ್ತಾ ಕೂತರೆ ಮೇಲ್ಮನವಿಯ ಗಡುವು ನಿಮಗಾಗಿ ನಿಲ್ಲುವುದಿಲ್ಲ.

ನ್ಯಾಯಮಂಡಳಿಗೆ ಹೋಗುವುದಾದರೆ

ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಿಂದ ಬಂತು. ಕರ್ನಾಟಕದವರ ಪ್ರಕರಣ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಹಾಸನದಿಂದ ಮಂಗಳೂರಿಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು, ಮಂಡಿ ನೋವಿನವರಿಗೆ ಇದು ಸಣ್ಣ ಪ್ರಯಾಣವಲ್ಲ. ಅಂತಿಮ ಆದೇಶ ಬಂದ ಆರು ತಿಂಗಳಲ್ಲಿ ಅರ್ಜಿ ಹಾಕಬೇಕು. ನೀವು ಕೊಟ್ಟ ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವೇ ಇಲ್ಲ ಅಂದರೂ ನ್ಯಾಯಮಂಡಳಿಗೆ ಹೋಗಬಹುದು. ವಕೀಲರನ್ನು ಇಡಬಹುದು, ನೀವೇ ವಾದ ಮಾಡಲೂಬಹುದು.

ತಡವಾಗಿದೆ ಅಂತ ಕೈಬಿಡಬೇಡಿ. ತಡವಾದದ್ದಕ್ಕೆ ಕಾರಣ ಬರೆದು ಮನ್ನಿಸುವಂತೆ ಕೇಳಬಹುದು. ಪಿಂಚಣಿ ತಿಂಗಳು ತಿಂಗಳು ಬರಬೇಕಾದದ್ದು, ಹಾಗಾಗಿ ತಪ್ಪು ಪ್ರತಿ ತಿಂಗಳು ಮುಂದುವರಿಯುತ್ತಲೇ ಇರುತ್ತದೆ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಒಪ್ಪಿದೆ. ಆದರೆ ತಡವಾಗಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷದ್ದು ಮಾತ್ರ. ತಡ ಮಾಡಿದಷ್ಟೂ ದುಡ್ಡು ಕಳೆದುಕೊಂಡಂತೆ. ನ್ಯಾಯಮಂಡಳಿಯಲ್ಲೂ ಸೋತರೆ ಹೈಕೋರ್ಟ್ ಬಾಗಿಲು ತೆರೆದಿದೆ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಕಾಗದ ಜೋಡಿಸಲು ಸಹಾಯ ಬೇಕಿದ್ದರೆ ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ತಿರಸ್ಕಾರ ಪತ್ರ ಮೂರರದ್ದೂ ಜೆರಾಕ್ಸ್ ಒಯ್ಯಿರಿ. ವಕೀಲರ ಫೀಸು ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಅಲ್ಲಿ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ. ಗಂಡ ತೀರಿಕೊಂಡಿದ್ದರೆ ಹೆಂಡತಿ ಈ ಪ್ರಕರಣವನ್ನು ಮುಂದುವರಿಸಬಹುದು. ನ್ಯಾಯಮಂಡಳಿಯ ಕಾಯ್ದೆ ಅವಲಂಬಿತರಿಗೂ ವಾರಸುದಾರರಿಗೂ ಆ ಹಕ್ಕು ಕೊಟ್ಟಿದೆ.